ಪಂಕ್ಚರ್ ಅಂಗಡಿಯ ಕಡೆಯಿಂದ ಸೈಕಲ್ಲಿನ ಚರಿತ್ರೆ

(ಸಿಕಂದರಾಬಾದಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)

2005ರ ಜುಲೈ 1ರಂದು ಹೈದರಾಬಾದಿನಲ್ಲಿ ಸುಧಾಕರ್ ಯಾದವ್ ಎಂಬವರು ಮೂರು ಚಕ್ರದ ಸೈಕಲ್ಲೊಂದನ್ನು ಹತ್ತಿ ಓಡಿಸಿದರು. ನೆಲದಿಂದ ಅದರ ನೆತ್ತಿಗೆ 41 ಅಡಿ 7 ಇಂಚು. ಉದ್ದ 37 ಅಡಿ 4 ಇಂಚು. ಚಕ್ರದ ಅಡ್ಡಳತೆಯೇ 17 ಅಡಿ. ಜಗತ್ತಿನ ಅತಿ ದೊಡ್ಡ ತ್ರಿಚಕ್ರ ಸೈಕಲ್ ಎಂದು ಗಿನ್ನೆಸ್ ದಾಖಲೆಯವರು ಅದನ್ನು ಬರೆದುಕೊಂಡರು. ಬಹದ್ದೂರ್‌ಪುರದಲ್ಲಿ, ನೆಹರೂ ಮೃಗಾಲಯದ ಹತ್ತಿರ, ಸುಧಾಕರ್ ಅವರ ಸುಧಾ ಕಾರ್ಸ್ ಮ್ಯೂಸಿಯಂ ಇದೆ. ಬರ್ಗರ್, ಕ್ರಿಕೆಟ್ ಬ್ಯಾಟು, ಹೆಂಗಸರ ಎತ್ತರ ಹಿಮ್ಮಡಿಯ ಚಪ್ಪಲಿ, ಹೀಗೆ ಬೇಕಾದ ಆಕಾರದ ಕಾರುಗಳು ಅಲ್ಲಿವೆ. ಎಲ್ಲವೂ ಓಡುತ್ತವೆ ಎನ್ನುವುದು ಅದರ ಹೆಚ್ಚುಗಾರಿಕೆ. ಸಿಕಂದರಾಬಾದಿನಿಂದ ಮೃಗಾಲಯ ನೋಡಲು ಹೋದ ಮಕ್ಕಳು ಹುಲಿಯನ್ನಾದರೂ ಮರೆತಾರು, ಈ ಮ್ಯೂಸಿಯಮ್ಮನ್ನು ಮರೆಯುವುದಿಲ್ಲ.

ಆ 17 ಅಡಿ ಚಕ್ರದ ಮುಂದೆ ನಿಂತ ಹುಡುಗ ಕೇಳುವ ಮೊದಲ ಪ್ರಶ್ನೆ, ಚಕ್ರ ಇಷ್ಟು ದೊಡ್ಡದಾದರೆ ಸೈಕಲ್ ಎಷ್ಟು ಜೋರಾಗಿ ಓಡಬಹುದು ಎಂದು. ಇದು ಹುಡುಗಾಟದ ಪ್ರಶ್ನೆಯಲ್ಲ. ಹತ್ತೊಂಬತ್ತನೆಯ ಶತಮಾನದ ಕಡೆಯ ಮೂವತ್ತು ವರ್ಷ ಇಂಗ್ಲೆಂಡಿನ ಕುಶಲ ಕರ್ಮಿಗಳ ತಲೆ ಕೊರೆದದ್ದು ಇದೇ ಪ್ರಶ್ನೆ. ನಾವು ಇಂದು ತುಳಿಯುವ ಸೈಕಲ್ಲಿನ ಆಕಾರ ಹುಟ್ಟಿದ್ದು ಅದಕ್ಕೆ ಉತ್ತರ ಹುಡುಕುವಾಗ.

ಸೈಕಲ್ಲಿನ ಚರಿತ್ರೆಯನ್ನು ಸಾಮಾನ್ಯವಾಗಿ ಸಂಶೋಧಕರ ಕಡೆಯಿಂದ ಹೇಳುತ್ತಾರೆ: ಇಂಥವರು ಪೆಡಲ್ ಕಂಡುಹಿಡಿದರು, ಇಂಥವರು ಟೈರು, ಇಂಥವರು ಗೇರು. ಹಾಗೆ ಹೇಳುತ್ತ ಹೋದರೆ ನಮ್ಮ ದಖ್ಖನಿನ ಕರಿ ಸೈಕಲ್ 1910ರ ಆಸುಪಾಸಿನಲ್ಲೇ ಗಾಡಿ ತಪ್ಪಿಸಿಕೊಂಡು ಸ್ಟೇಷನ್ನಿನಲ್ಲಿ ಉಳಿದ ಪ್ರಯಾಣಿಕನ ಥರ ಕಾಣುತ್ತದೆ. ಈ ಉಪನ್ಯಾಸ ಆ ಲೆಕ್ಕವನ್ನು ಒಪ್ಪುವುದಿಲ್ಲ. ಯಂತ್ರದ ವಿನ್ಯಾಸ ಒಳ್ಳೆಯದೋ ಕೆಟ್ಟದ್ದೋ ಎಂಬ ತೀರ್ಪು ಶೋರೂಮಿನಲ್ಲಿ ಆಗುವುದಿಲ್ಲ, ಅದು ಕೆಟ್ಟು ನಿಂತ ಜಾಗದಲ್ಲಿ ಆಗುತ್ತದೆ. ಆ ಪರೀಕ್ಷೆಯಲ್ಲಿ ಕರಿ ಸೈಕಲ್ಲಿಗೆ ಬಂದ ಅಂಕ ದೊಡ್ಡದು. ಹಾಗೆಂದು ಅದರಲ್ಲಿ ಹುಳುಕೇ ಇಲ್ಲವೆಂದಲ್ಲ. ಆ ಮಾತೂ ಮುಂದೆ ಬರುತ್ತದೆ.

ಆರಂಭದ ಕಥೆಯನ್ನು ಬೇಗ ಮುಗಿಸಬಹುದು. 1817ರ ಜೂನ್ 12ರಂದು ಜರ್ಮನಿಯ ಮಾನ್‌ಹೈಮ್ ಊರಿನಲ್ಲಿ ಕಾರ್ಲ್ ಡ್ರೈಸ್ ಎಂಬ ಅರಣ್ಯಾಧಿಕಾರಿ ಎರಡು ಚಕ್ರದ ಮರದ ಗಾಡಿಯ ಮೇಲೆ ಕೂತು, ನೆಲವನ್ನು ಕಾಲಿನಿಂದ ಹಿಂದಕ್ಕೆ ಒದೆಯುತ್ತ, ಸುಮಾರು 7 ಕಿ.ಮೀ. ದೂರದ, ಗಾಡಿ ಕುದುರೆ ಬದಲಿಸುವ ತಂಗುಮನೆಗೆ ಹೋಗಿ ಒಂದು ಗಂಟೆಯೊಳಗೆ ವಾಪಸು ಬಂದ. ಅದಕ್ಕೆ ಎರಡು ವರ್ಷದ ಹಿಂದೆ ಇಂಡೊನೇಷ್ಯದ ತಂಬೋರಾ ಜ್ವಾಲಾಮುಖಿ ಸಿಡಿದು, 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರದೆ, ಬೆಳೆ ಕೆಟ್ಟು, ಕುದುರೆಗೆ ಮೇವಿಲ್ಲದಂತಾಗಿತ್ತು. ಕುದುರೆಯಿಲ್ಲದ ವಾಹನದ ಯೋಚನೆ ಡ್ರೈಸನಿಗೆ ಬಂದದ್ದು ಅದರಿಂದಲೇ ಎಂದು ಕೆಲವು ಇತಿಹಾಸಕಾರರ ಊಹೆ. ಎರಡು ಚಕ್ರ ಒಂದರ ಹಿಂದೊಂದು ನಿಂತರೂ ಮನುಷ್ಯ ಬೀಳದೆ ಸಾಗಬಹುದು ಎಂಬುದನ್ನು ತೋರಿಸಿಕೊಟ್ಟದ್ದೇ ಅವನ ದೊಡ್ಡ ಕಾಣಿಕೆ. ಪೆಡಲ್ ಬರಲು ಮತ್ತೆ ನಾಲ್ಕೈದು ದಶಕ ಬೇಕಾಯಿತು. 1860ರ ದಶಕದಲ್ಲಿ ಪ್ಯಾರಿಸಿನಲ್ಲಿ ಮಿಶೋ ಮನೆತನ ಮತ್ತು ಪಿಯೇರ್ ಲಾಲ್ಮಾ ಮುಂದಿನ ಚಕ್ರದ ಅಚ್ಚಿಗೇ ಪೆಡಲ್ ಜೋಡಿಸಿದರು. ಅವರಲ್ಲಿ ಮೊದಲಿಗರು ಯಾರು ಎಂಬ ಜಗಳ ಇನ್ನೂ ಇತ್ಯರ್ಥವಾಗಿಲ್ಲ. ಮರದ ಚಕ್ರ, ಕಬ್ಬಿಣದ ಪಟ್ಟಿ, ಕಲ್ಲುಹಾಸಿನ ಬೀದಿ. ಇಂಗ್ಲಿಷರು ಅದಕ್ಕೆ ಮೂಳೆ ಅಲುಗಾಡಿಸುವ ಗಾಡಿ ಎಂದೇ ಹೆಸರಿಟ್ಟರು.

ಕಥೆ ರಂಗೇರುವುದು ಇಲ್ಲಿಂದ ಮುಂದೆ.

ಪೆಡಲ್ ನೇರವಾಗಿ ಚಕ್ರದ ಅಚ್ಚಿಗೇ ಇದ್ದರೆ, ಪೆಡಲ್ಲಿನ ಒಂದು ಸುತ್ತಿಗೆ ಚಕ್ರದ ಒಂದೇ ಸುತ್ತು. ಹೆಚ್ಚು ದೂರ ಹೋಗಬೇಕಾದರೆ ಚಕ್ರವನ್ನು ದೊಡ್ಡದು ಮಾಡುವುದೊಂದೇ ದಾರಿ. ಹಾಗಾಗಿ 1870ರ ನಂತರ ಮುಂದಿನ ಚಕ್ರ ಬೆಳೆಯುತ್ತ ಹೋಯಿತು. 48 ಇಂಚು, 52, 56. ಸವಾರನ ಕಾಲಿನ ಉದ್ದವೇ ಅದರ ಮಿತಿ. ತೀರ ಉದ್ದಕಾಲಿನವರಿಗೆ 60 ಇಂಚಿನವರೆಗೂ ಸಿಗುತ್ತಿತ್ತು. ಷರಾಯಿ ಹೊಲಿಸುವ ಹಾಗೆ ಕಾಲಿನ ಅಳತೆ ಕೊಟ್ಟು ಸೈಕಲ್ ಕೊಳ್ಳಬೇಕು. ಸೀಟು ಸುಮಾರಾಗಿ ದೊಡ್ಡ ಚಕ್ರದ ನೆತ್ತಿಯ ಮೇಲೇ ಇದ್ದುದರಿಂದ ಒಂದು ಕಲ್ಲು ಅಡ್ಡ ಬಂದರೆ ಸವಾರ ಹ್ಯಾಂಡಲ್ ದಾಟಿ ತಲೆಕೆಳಗಾಗಿ ಬೀಳುತ್ತಿದ್ದ. ಇಂಥ 50 ಇಂಚಿನ ಕೊಲಂಬಿಯಾ ಸೈಕಲ್ಲಿನ ಮೇಲೆ ಥಾಮಸ್ ಸ್ಟೀವನ್ಸ್ 1884ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು ಲೋಕ ಸುತ್ತಲು ಹೊರಟ. 1886ರಲ್ಲಿ ಲಾಹೋರಿನಿಂದ ಕಲ್ಕತ್ತದವರೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಅವನು ತುಳಿದು ಹೋದಾಗ ದಾರಿಯ ಹಳ್ಳಿಗಳು ಕಂಡ ಮೊದಲ ಸೈಕಲ್ ಅದೇ ಇದ್ದೀತು.

ಈಗ ನಮ್ಮ ಕರಿ ಸೈಕಲ್ಲಿಗೆ ಇದೇ ಲೆಕ್ಕ ಹಾಕಿ ನೋಡಿ. ಅದರ ಚಕ್ರ 28 ಇಂಚು. ಪೆಡಲ್ ಹತ್ತಿರದ ದೊಡ್ಡ ಹಲ್ಲುಚಕ್ರದಲ್ಲಿ ಸಾಮಾನ್ಯವಾಗಿ 44 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18. ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಹಿಂದಿನ ಚಕ್ರ ಎರಡೂವರೆ ಸುತ್ತಿನ ಹತ್ತಿರ ತಿರುಗುತ್ತದೆ, ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಪೆಡಲ್ಲನ್ನು ಅಚ್ಚಿಗೇ ಕೂರಿಸಿ ಇಷ್ಟೇ ದೂರ ಗಿಟ್ಟಿಸಬೇಕೆಂದರೆ ಚಕ್ರ 68 ಇಂಚು ಇರಬೇಕು. ಅಂದರೆ ಆಳೆತ್ತರ. ಅದನ್ನು ಹತ್ತಿ ತುಳಿಯುವ ಕಾಲು ಮನುಷ್ಯನಿಗಿಲ್ಲ. ಇನ್ನು ಮ್ಯೂಸಿಯಮ್ಮಿನ 17 ಅಡಿ ಚಕ್ರವನ್ನು ಅಚ್ಚಿನಿಂದಲೇ ತುಳಿಯಬಹುದಾಗಿದ್ದರೆ ಒಂದು ಸುತ್ತಿಗೆ 16 ಮೀಟರಿಗೂ ಹೆಚ್ಚು ದೂರ ಸಾಗುತ್ತಿತ್ತು. ತುಳಿಯುವುದಕ್ಕೆ ಭೀಮಸೇನನೇ ಬರಬೇಕು, ಅಷ್ಟೆ.

ಈ ಗಂಟನ್ನು ಬಿಚ್ಚಿದ್ದು ಚೈನು. ಸ್ವಿಟ್ಜರ್ಲೆಂಡಿನಿಂದ ಮ್ಯಾಂಚೆಸ್ಟರಿಗೆ ಬಂದು ನೆಲೆಸಿದ ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ಬುಷ್ ಮತ್ತು ರೋಲರ್ ಇರುವ ಚೈನನ್ನು ತಯಾರಿಸಿದ. ಅವನ ಗಿರಾಕಿಗಳು ಹತ್ತಿ ಗಿರಣಿಯವರು. ಆ ಚೈನು ಸೈಕಲ್ಲಿಗೂ ಬಂದು, ಕೊವೆಂಟ್ರಿ ಪಟ್ಟಣದಲ್ಲಿ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಹಿಂಚಕ್ರಕ್ಕೆ ಚೈನು ಜೋಡಿಸಿದ ರೋವರ್ ಸೈಕಲ್ಲನ್ನು ಮಾರುಕಟ್ಟೆಗೆ ಬಿಟ್ಟ. ಚಕ್ರಗಳು ಗಿಡ್ಡವಾದವು, ಸವಾರ ಕೆಳಗಿಳಿದ, ಕಾಲು ನೆಲಕ್ಕೆ ಮುಟ್ಟಿತು. ಮುಂದಿನ ಐದಾರು ವರ್ಷಗಳಲ್ಲಿ ಎರಡು ತ್ರಿಕೋನ ಸೇರಿದ ಡೈಮಂಡ್ ಫ್ರೇಮು ಗಟ್ಟಿಗೊಂಡಿತು. ಮುಂದಿನದು ನಿಜಕ್ಕೂ ತ್ರಿಕೋನವಲ್ಲ. ಹ್ಯಾಂಡಲ್ ಕಡೆ ಚೂರು ಮೊಂಡಾದ ಚತುರ್ಭುಜ. ಆದರೂ ಕೆಲಸ ತ್ರಿಕೋನದ್ದೇ. ಕೊಳವೆಗಳನ್ನು ಬಾಗಿಸದೆ ಎಳೆಯುವ, ಒತ್ತುವ ಬಲಗಳಿಗಷ್ಟೇ ಒಡ್ಡಿ, ಕಡಿಮೆ ಉಕ್ಕಿನಲ್ಲಿ ಹೆಚ್ಚು ಭಾರ ಹೊರುವ ಉಪಾಯ. ಅಂದಿನಿಂದ ಇಂದಿನವರೆಗೆ ನೂರಾರು ಜನ ಅದನ್ನು ಮೀರಿಸಲು ನೋಡಿದ್ದಾರೆ. ಪಂಕ್ಚರ್ ಅಂಗಡಿ ಮುಂದೆ ನಿಂತ ಹತ್ತು ಸೈಕಲ್ಲುಗಳಲ್ಲಿ ಒಂಬತ್ತು ಈಗಲೂ ಅದೇ ಆಕಾರದವು.

ಚಕ್ರದ ಬಗ್ಗೆ ಒಂದಿಷ್ಟು ನಿಂತು ಮಾತಾಡಬೇಕು. ಏಕೆಂದರೆ ಸೈಕಲ್ಲಿನಲ್ಲಿ ನಿಜಕ್ಕೂ ಬೆರಗು ಹುಟ್ಟಿಸುವ ವಸ್ತು ಅದು.

ಎತ್ತಿನ ಗಾಡಿಯ ಚಕ್ರದಲ್ಲಿ ಭಾರ ಕೆಳಗಿನ ಅರದ ಮೇಲೆ ಕೂರುತ್ತದೆ. ಅರ ಕಂಬವಾಗಿ ನಿಂತು ಹೊರುತ್ತದೆ, ಅದಕ್ಕೇ ಅಷ್ಟು ದಪ್ಪ ಮರ ಬೇಕು. ಸೈಕಲ್ಲಿನ ಕಡ್ಡಿ ಕಂಬವಲ್ಲ. ಎರಡು ಬೆರಳಲ್ಲಿ ಬಾಗಿಸಬಹುದಾದ ತಂತಿ. ಆದರೆ ಅಷ್ಟೂ ತಂತಿಗಳನ್ನು ಬಿಗಿದು ಎಳೆದು ಕೂರಿಸಿರುವುದರಿಂದ ರಿಮ್ಮು ಎಲ್ಲ ದಿಕ್ಕಿನಿಂದಲೂ ನಡುವಿನ ಹಬ್ಬಿನ ಕಡೆ ಎಳೆಯಲ್ಪಟ್ಟಿರುತ್ತದೆ. ಭಾರ ಬಿದ್ದಾಗ ನೆಲದ ಕಡೆಯ ಕಡ್ಡಿಗಳ ಬಿಗಿ ಸ್ವಲ್ಪ ಸಡಿಲುತ್ತದೆ, ಉಳಿದವು ಹಿಡಿದುಕೊಳ್ಳುತ್ತವೆ. ತಂತಿ ಕಡ್ಡಿಗೆ ಯುಜೀನ್ ಮೆಯೆರ್ 1869ರಲ್ಲಿ ಪ್ಯಾರಿಸಿನಲ್ಲಿ ಪೇಟೆಂಟ್ ಪಡೆದ. ಕಡ್ಡಿಗಳನ್ನು ಹಬ್ಬಿನಿಂದ ನೆಟ್ಟಗೆ ಹೊರಡಿಸದೆ ಓರೆಯಾಗಿ, ಒಂದಕ್ಕೊಂದು ಅಡ್ಡ ಹಾಯುವಂತೆ ಕಟ್ಟುವ ಉಪಾಯವನ್ನು 1874ರಲ್ಲಿ ತಂದವನು ಜೇಮ್ಸ್ ಸ್ಟಾರ್ಲಿ, ರೋವರ್ ಮಾಡಿದವನ ಚಿಕ್ಕಪ್ಪ. ಇವನು ಹೊಲಿಗೆ ಯಂತ್ರದ ಕಸುಬಿನಿಂದ ಬಂದವನು. ಕೊವೆಂಟ್ರಿಯ ಹೊಲಿಗೆ ಯಂತ್ರದ ಕಾರ್ಖಾನೆಯೇ ಸೈಕಲ್ ಕಾರ್ಖಾನೆಯಾಗಿ ಬದಲಾದದ್ದು. ಓರೆ ಕಡ್ಡಿ ಇಲ್ಲದಿದ್ದರೆ ಚೈನಿನ ಎಳೆತಕ್ಕೆ ಹಬ್ಬು ಒಳಗೇ ತಿರುಚಿ ಕಡ್ಡಿ ಪಟಪಟ ಮುರಿಯುತ್ತಿದ್ದವು.

ಕರಿ ಸೈಕಲ್ಲಿನ ಮುಂಚಕ್ರದ ಕಡ್ಡಿ ಎಣಿಸಿದರೆ 32, ಹಿಂಚಕ್ರದ್ದು 40. ಇಂಗ್ಲಿಷರ ಹಳೆಯ ಲೆಕ್ಕ. ಭಾರ ಬೀಳುವುದು ಹಿಂದೆ, ಚೈನು ಎಳೆಯುವುದೂ ಹಿಂದೆ. ಜಗತ್ತಿನ ಬೇರೆ ಕಡೆ ಎರಡಕ್ಕೂ 36 ಎಂದು ಸುಲಭ ಮಾಡಿಕೊಂಡರು. ಇಲ್ಲಿ ಹಾಲಿನ ಕ್ಯಾನು, ಸೇಂದಿಯ ಮಡಕೆ, ಅಕ್ಕಿ ಮೂಟೆ ಹೊರುವ ಹಿಂಚಕ್ರಕ್ಕೆ ಆ ಹೆಚ್ಚಿನ ನಾಲ್ಕು ಕಡ್ಡಿಗಳು ಬೇಕೇ ಬೇಕಿದ್ದವು.

ಬೆಂಡು ತೆಗೆಯುವವನನ್ನು ನೋಡಿ. ಸೈಕಲ್ಲನ್ನು ಬೋರಲು ನಿಲ್ಲಿಸಿ, ಚಕ್ರ ತಿರುಗಿಸಿ, ರಿಮ್ಮಿನ ಹತ್ತಿರ ಸೀಮೆಸುಣ್ಣದ ತುಂಡು ಹಿಡಿಯುತ್ತಾನೆ. ಎಲ್ಲಿ ಉಬ್ಬಿದೆಯೋ ಅಲ್ಲಿ ಗುರುತು ಬೀಳುತ್ತದೆ. ಆ ಗುರುತಿನ ಹತ್ತಿರದ ಒಂದು ಕಡೆಯ ಕಡ್ಡಿಯ ನಿಪ್ಪಲ್ಲನ್ನು ಅರ್ಧ ಸುತ್ತು ಬಿಗಿದು, ಎದುರಿನದನ್ನು ಅರ್ಧ ಸುತ್ತು ಸಡಿಲಿಸುತ್ತಾನೆ. ನಡುನಡುವೆ ಕಡ್ಡಿಯನ್ನು ಬೆರಳಲ್ಲಿ ಮೀಟಿ ಸದ್ದು ಕೇಳುತ್ತಾನೆ. ಬಿಗಿಯಾದದ್ದಕ್ಕೆ ಒಂದು ಸ್ವರ, ಸಡಿಲಕ್ಕೆ ಇನ್ನೊಂದು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಇದನ್ನು ಕಲಿಸಲು ಉಪಕರಣ ಬೇಕು. ಇಲ್ಲಿ ಕಿವಿ ಸಾಕು.

ಟೈರಿನ ಕಥೆಯಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಬರುತ್ತಾನೆ. ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಸುತ್ತಿದವನು, 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಮರುವರ್ಷ ಬೆಲ್‌ಫಾಸ್ಟಿನ ಪಂದ್ಯಗಳಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಅದೇ ಟೈರು ಹಾಕಿಕೊಂಡು ಗೆದ್ದ. ಆಮೇಲೆ ಗೊತ್ತಾದ ಸಂಗತಿ, ರಾಬರ್ಟ್ ಥಾಮ್ಸನ್ ಎಂಬವನು 1845ರಲ್ಲೇ ಗಾಳಿ ಟೈರಿಗೆ ಪೇಟೆಂಟ್ ಮಾಡಿಸಿದ್ದ. ಡನ್‌ಲಪ್ಪನ ಹಕ್ಕು ಬಿದ್ದುಹೋಯಿತು, ಹೆಸರು ಉಳಿಯಿತು. ಟೈರಿನ ಹಸಿವು ಎಲ್ಲೆಲ್ಲಿಯ ರಬ್ಬರನ್ನು ಬೇಡಿತೆಂದರೆ, ಬೆಲ್ಜಿಯಂ ದೊರೆ ಲಿಯೊಪೊಲ್ಡನ ಕಾಂಗೊದಲ್ಲಿ ರಬ್ಬರ್ ಸಾಕಷ್ಟು ತರಲಿಲ್ಲವೆಂದು ಜನರ ಕೈ ಕಡಿದರು. ಸೈಕಲ್ಲಿನ ಚರಿತ್ರೆಯನ್ನು ಬರೀ ಹಬ್ಬದ ಕಥೆಯಾಗಿ ಹೇಳುವವರು ಈ ಪುಟವನ್ನು ಹಾರಿಸುತ್ತಾರೆ. ಹಾರಿಸಬಾರದು.

ಗಾಳಿ ಟೈರು ಬಂದ ದಿನವೇ ಪಂಕ್ಚರೂ ಬಂತು. 1891ರಲ್ಲಿ ಫ್ರಾನ್ಸಿನ ಮಿಷೆಲಿನ್ ಸಹೋದರರು ಬಿಚ್ಚಿ ಹಾಕಬಹುದಾದ ಟೈರು ತಂದ ಮೇಲೆ ಅದನ್ನು ತಿದ್ದುವ ಕೆಲಸ ಬೀದಿಬದಿಗೆ ಇಳಿಯಿತು. ಆ ವಿದ್ಯೆ ಇಂದಿಗೂ ಹೆಚ್ಚು ಬದಲಾಗಿಲ್ಲ. ಟ್ಯೂಬ್ ಎಳೆದು, ಗಾಳಿ ತುಂಬಿ, ತಗಡಿನ ಬೇಸಿನ್ನಿನ ನೀರಿನಲ್ಲಿ ತುಂಡುತುಂಡಾಗಿ ಅದ್ದುತ್ತ ಹೋದರೆ ಒಂದು ಕಡೆ ಗುಳ್ಳೆ ಏಳುತ್ತದೆ. ಅಲ್ಲಿಗೆ ಕಡ್ಡಿ ಚುಚ್ಚಿ ಗುರುತು. ಒರೆಸಿ, ಉಪ್ಪುಕಾಗದದಲ್ಲಿ ತಿಕ್ಕಿ, ಸಲ್ಯೂಷನ್ ಹಚ್ಚಿ, ಅದು ಆರುವವರೆಗೆ ಬೀಡಿ ಎಳೆದು, ಹಳೆ ಟ್ಯೂಬಿನಿಂದ ಕತ್ತರಿಸಿದ ತುಂಡನ್ನು ಅಂಟಿಸಿ ಸುತ್ತಿಗೆಯಿಂದ ಎರಡೇಟು. ಕಡೆಗೆ ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ಉಳಿದಿದೆಯೇ ನೋಡುವುದು. ಇದನ್ನು ಮರೆತವನು ಅದೇ ಗಿರಾಕಿಯ ಬೈಗುಳ ತಿನ್ನುತ್ತಾನೆ. ವಾಲ್‌ಟ್ಯೂಬನ್ನೂ ನೋಡಿ. ಲೋಹದ ಸಣ್ಣ ಕೊಳವೆಯ ಪಕ್ಕದ ತೂತನ್ನು ಒಂದಿಷ್ಟು ರಬ್ಬರ್ ತೊಡಿಸಿ ಮುಚ್ಚಿದರೆ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಕೆಟ್ಟರೆ ಚಿಲ್ಲರೆ ಕಾಸಿಗೆ ಹೊಸದು. ಯುರೋಪಿನ ಪಂದ್ಯದ ಸೈಕಲ್ಲುಗಳು ಇದನ್ನು ಎಂದೋ ಕೈಬಿಟ್ಟವು. ಬೀದಿ ಕಡೆಯಿಂದ ನೋಡಿದರೆ ಇದಕ್ಕಿಂತ ಒಳ್ಳೆಯ ವಾಲ್ವ್ ಯಾವುದೂ ಇಲ್ಲ.

ಸಿಕಂದರಾಬಾದಿಗೆ ಸೈಕಲ್ ಬಂದದ್ದು ದಂಡಿನ ಜೊತೆ. ದಂಡಿನ ಊರುಗಳಲ್ಲೆಲ್ಲ ಹಾಗೆಯೇ: ಮೊದಲು ದೊರೆಗಳ ಹವ್ಯಾಸ, ಆಮೇಲೆ ಗುಮಾಸ್ತರ ಅನುಕೂಲ, ಕಡೆಗೆ ಎಲ್ಲರ ದುಡಿಮೆಯ ಸಾಧನ. ಇದಕ್ಕೆ ಒಂದು ತಮಾಷೆಯ ಕೊಂಡಿಯಿದೆ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸೇನೆಯಲ್ಲಿ ಸೈಕಲ್ ಪಡೆಗಳೇ ಇದ್ದವು. 1916ರಲ್ಲಿ ಕೆಂಟ್ ಸೈಕ್ಲಿಸ್ಟ್ ಬೆಟಾಲಿಯನ್ ಹಡಗು ಹತ್ತಿ ಭಾರತಕ್ಕೆ ಬಂದು ಬೆಂಗಳೂರು ಬ್ರಿಗೇಡಿಗೆ ಸೇರಿತು. ಆ ಬ್ರಿಗೇಡು ಒಂಬತ್ತನೆಯ ಸಿಕಂದರಾಬಾದ್ ಡಿವಿಜನ್ನಿನ ಭಾಗ. ಆದರೆ ಹೊರಡುವ ಮೊದಲೇ ಸೈಕಲ್ ಕಿತ್ತುಕೊಂಡು ಅವರನ್ನು ಕಾಲಾಳುಗಳನ್ನಾಗಿ ಮಾಡಲಾಗಿತ್ತು. ಹೆಸರಿನಲ್ಲಿ ಸೈಕಲ್, ಕಾಲಿನಲ್ಲಿ ಬೂಟು. ಅವರಂತೆಯೇ ಸೈಕಲ್ ಕಳೆದುಕೊಂಡು ಬಂದ ಹ್ಯಾಂಪ್‌ಶೈರ್ ಪಡೆಯವರು 1918ರಲ್ಲಿ ಭಾರತದಿಂದ ಸೈಬೀರಿಯಕ್ಕೂ ಹೋಗಬೇಕಾಯಿತು.

ನಿಜಾಮರ ಸರಕಾರ ರಸ್ತೆ ಸಾರಿಗೆ ಆರಂಭಿಸಿದ್ದು 1932ರಲ್ಲಿ, 27 ಬಸ್ಸುಗಳೊಂದಿಗೆ. ಅಷ್ಟು ದೊಡ್ಡ ಸಂಸ್ಥಾನಕ್ಕೆ 27. ಜಟಕಾಕ್ಕೆ ದುಡ್ಡು ಸಾಲದ ಗುಮಾಸ್ತ, ಲಾಲಾಗುಡದ ರೈಲ್ವೆ ಕಾರ್ಖಾನೆಯ ಕೆಲಸಗಾರ, ತಂತಿ ಹಂಚುವ ಅಂಚೆಯವನು, ಇವರ ಪಾಲಿಗೆ ಉಳಿದದ್ದು ಎರಡು ಚಕ್ರ. ಆಗ ಕಲಬುರಗಿ, ರಾಯಚೂರು, ಬೀದರ್ ಇದೇ ಸಂಸ್ಥಾನದಲ್ಲಿದ್ದವು. ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಓದಲು ಬಂದ ಕನ್ನಡದ ಹುಡುಗರಿಗೆ ನಗರದ ಪರಿಚಯವಾದದ್ದೂ ಹೆಚ್ಚಾಗಿ ಬಾಡಿಗೆ ಸೈಕಲ್ಲಿನ ಮೇಲೆಯೇ. ಗಂಟೆ ಲೆಕ್ಕಕ್ಕೆ ಸೈಕಲ್ ಕೊಡುವ ಅಂಗಡಿಗೆ ಈ ಕಡೆ ಸೈಕಲ್ ಟ್ಯಾಕ್ಸಿ ಎಂದೇ ಬೋರ್ಡು. ಪ್ರತಿ ಸೈಕಲ್ಲಿನ ಮಡ್‌ಗಾರ್ಡಿನ ಮೇಲೆ ನಂಬರು, ಪುಸ್ತಕದಲ್ಲಿ ಹೊರಟ ಹೊತ್ತು. ತಡವಾದರೆ ಜಗಳ. ರಾತ್ರಿ ದೀಪವಿಲ್ಲದೆ ಓಡಿಸಿದರೆ ಪೊಲೀಸ್, ಇಬ್ಬರು ಕೂತರೂ ಪೊಲೀಸ್, ಮುನಿಸಿಪಾಲಿಟಿಯ ಬಿಲ್ಲೆ ಇಲ್ಲದಿದ್ದರೆ ದಂಡ. ಒಂದು ಕಾಲಕ್ಕೆ ಸೈಕಲ್ಲೂ ತೆರಿಗೆ ಕಟ್ಟುವ ಗೌರವಸ್ಥ ವಾಹನವಾಗಿತ್ತು ಎಂಬುದು ಇಂದಿನ ಹುಡುಗರಿಗೆ ನಂಬಲು ಕಷ್ಟ.

ಇಲ್ಲಿಗೆ ಬಂದು ನಿಂತ ಮಾದರಿ ಇಂಗ್ಲೆಂಡಿನ ರೋಡ್‌ಸ್ಟರ್. ಹಂಬರ್, ರ‍್ಯಾಲಿ, ಬಿ.ಎಸ್.ಎ., ಹರ್ಕ್ಯುಲಿಸ್, ಫಿಲಿಪ್ಸ್. ಕರಿ ಬಣ್ಣ, ಹೊನ್ನಿನ ಗೆರೆ, 28 ಇಂಚಿನ ಚಕ್ರಕ್ಕೆ ಒಂದೂವರೆ ಇಂಚಿನ ಟೈರು, ಚರ್ಮದ ಸೀಟು, ಸರಳಿನ ಬ್ರೇಕು. ಮುಂದಿನ ಫೋರ್ಕು ಹಿಂದಕ್ಕೆ ವಾಲಿ ನಿಂತಿದೆ, ಎರಡು ಚಕ್ರಗಳ ನಡುವೆ ಅಂತರ ಹೆಚ್ಚು. ಇದರಿಂದ ಸೈಕಲ್ ಚುರುಕಾಗಿ ತಿರುಗುವುದಿಲ್ಲ, ಆದರೆ ಗುಂಡಿಗೆ ಬಿದ್ದಾಗ ಏಟು ಸೊಂಟಕ್ಕೆ ಬರುವುದರೊಳಗೆ ಅರ್ಧ ಕರಗಿರುತ್ತದೆ. ದಖ್ಖನಿನ ಕಲ್ಲುನೆಲಕ್ಕೆ, ಜಲ್ಲಿ ರಸ್ತೆಗೆ ಹೇಳಿ ಮಾಡಿಸಿದ ಗುಣ. ಸರಳಿನ ಬ್ರೇಕಿನಲ್ಲಿ ತುಕ್ಕು ಹಿಡಿದು ಹರಿಯುವ ಕೇಬಲ್ಲಿಲ್ಲ. ಡೊಂಕಾದರೆ ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡಬಹುದು. ಪೆಡಲ್ ಕೈಯನ್ನು ಹಿಡಿದಿಡುವುದು ಒಂದು ಕಾಟರ್ ಪಿನ್ನು, ಅದನ್ನು ಹೊಡೆದು ತೆಗೆಯಲು ಸುತ್ತಿಗೆಯೇ ಸಾಕು. ಎಡಗಡೆಯ ಪೆಡಲ್ಲಿನ ಥ್ರೆಡ್ಡು ಮಾತ್ರ ಉಲ್ಟಾ. ನೆಟ್ಟಗಿನ ಥ್ರೆಡ್ಡಿದ್ದರೆ ತುಳಿಯುತ್ತ ತುಳಿಯುತ್ತ ತಾನೇ ಬಿಚ್ಚಿಕೊಳ್ಳುತ್ತದೆ. ಅಂಗಡಿಗೆ ಹೊಸದಾಗಿ ಸೇರಿದ ಹುಡುಗ ಮೊದಲ ವಾರ ಎಡ ಪೆಡಲ್ಲನ್ನು ಬಿಚ್ಚುತ್ತೇನೆಂದು ಬಿಗಿದು ಉಸ್ತಾದನಿಂದ ತಲೆಗೆ ಮೊಟಕಿಸಿಕೊಳ್ಳುವುದು ಆ ವಿದ್ಯೆಯ ಅಕ್ಷರಾಭ್ಯಾಸ.

ಹುಳುಕುಗಳೂ ಇದ್ದವು. ಆ ಬ್ರೇಕಿನ ರಬ್ಬರು ಉಕ್ಕಿನ ರಿಮ್ಮಿನ ಒಳಮೈಗೆ ಒತ್ತುತ್ತದೆ. ಮಳೆಯಲ್ಲಿ ರಿಮ್ಮು ನೆನೆದರೆ ಜಾರುತ್ತದೆ, ಸವಾರ ದೇವರನ್ನೂ ಚಪ್ಪಲಿಯನ್ನೂ ನಂಬಬೇಕು. ತೂಕ ಸುಮಾರು 20 ಕಿಲೊ. ಫ್ರೇಮು ದೊಡ್ಡವರ ಅಳತೆಯದೇ. ಅದಕ್ಕೇ ನಮ್ಮ ಮಕ್ಕಳು ಬಾರಿನ ಕೆಳಗಿಂದ ಕಾಲು ತೂರಿಸಿ, ಸೊಟ್ಟಗೆ ನೇತಾಡುತ್ತ, ಒಳಪೆಡಲ್ ಹೊಡೆದು ಕಲಿತದ್ದು. ಇದನ್ನು ಈಗ ನೆನಪಿನ ಸವಿಯಾಗಿ ಬರೆಯುವವರು ಬಹಳ. ಮಕ್ಕಳ ಅಳತೆಗೆ ಅಗ್ಗದ ಸೈಕಲ್ ಮಾಡದ ಕಾರ್ಖಾನೆಗಳ ತಪ್ಪೂ ಅದರಲ್ಲಿದೆ ಎಂದು ಹೇಳುವವರು ಕಡಿಮೆ.

ಹೆಂಗಸರ ವಿಷಯ ಅಷ್ಟು ಸರಳವಲ್ಲ. ಮೇಲಿನ ಬಾರು ಸೀರೆಗೆ ಅಡ್ಡ, ಆದ್ದರಿಂದ ಬಾರಿಲ್ಲದ ಲೇಡೀಸ್ ಸೈಕಲ್ ಬೇಕು ಎನ್ನುವುದು ವಾಡಿಕೆಯ ಮಾತು. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯ ಸಾಕ್ಷರತಾ ಆಂದೋಲನದಲ್ಲಿ ಸಾವಿರ ಸಾವಿರ ಹೆಂಗಸರು ಸೈಕಲ್ ಕಲಿತರು. ಲೇಡೀಸ್ ಸೈಕಲ್ ಸಾಲದೆ ಜೆಂಟ್ಸ್ ಸೈಕಲ್ಲನ್ನೇ ಹತ್ತಿದರು. ಕೆಲವರಿಗೆ ಅದೇ ಮೇಲು ಎನಿಸಿತು, ಏಕೆಂದರೆ ಬಾರಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದಿತ್ತು. ಪತ್ರಕರ್ತ ಪಿ. ಸಾಯಿನಾಥ್ ಇದನ್ನು ದಾಖಲಿಸಿದ್ದಾರೆ. ಬಳಸುವವರನ್ನು ಕೇಳದೆ ವಿನ್ಯಾಸಕಾರ ಕಟ್ಟಿಕೊಂಡ ಊಹೆ ಇಷ್ಟು ಸುಲಭವಾಗಿ ತಲೆಕೆಳಗಾಗುತ್ತದೆ.

ಇತ್ತ ಕರಿ ಸೈಕಲ್ ನಿಂತಲ್ಲೇ ನಿಂತಿದ್ದಾಗ ಅತ್ತ ಲೋಕ ಸುಮ್ಮನಿರಲಿಲ್ಲ. ಇಂಗ್ಲೆಂಡಿನಲ್ಲಿ 1902ರಲ್ಲೇ ಸ್ಟರ್ಮಿ-ಆರ್ಚರ್ ಕಂಪನಿ ಹಿಂಚಕ್ರದ ಹಬ್ಬಿನೊಳಗೆ ಅಡಗಿಸಿದ ಮೂರು ಗೇರು ತಂದಿತು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಎಳೆದುಹಾಕುವ ಗೇರನ್ನು ಟೂರ್ ಡಿ ಫ್ರಾನ್ಸ್ ಪಂದ್ಯದವರು ಬಹುಕಾಲ ತಡೆದು 1937ರಲ್ಲಿ ಒಪ್ಪಿದರು. ಬೆನ್ನಿಗೆ ಒರಗಿ ತುಳಿಯುವ ಸೈಕಲ್ಲಿನ ಮೇಲೆ ಫ್ರಾನ್ಸಿಸ್ ಫೋರ್ 1933ರಲ್ಲಿ ಒಂದು ಗಂಟೆಗೆ 45.055 ಕಿ.ಮೀ. ಓಡಿಸಿ ದಾಖಲೆ ಮುರಿದರೆ, ಮರುವರ್ಷ ಅಂತಾರಾಷ್ಟ್ರೀಯ ಒಕ್ಕೂಟ ಅಂಥ ಸೈಕಲ್ಲನ್ನೇ ಪಂದ್ಯದಿಂದ ಹೊರಗಿಟ್ಟಿತು. ಇಂದಿನ ರೇಸ್ ಸೈಕಲ್ಲಿನ ಆಕಾರ ಗಾಳಿಯ ವಿಜ್ಞಾನದಿಂದ ಮಾತ್ರ ಬಂದದ್ದಲ್ಲ, ನಿಯಮದ ಪುಸ್ತಕದಿಂದಲೂ ಬಂದದ್ದು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಮರಿನ್ ಗುಡ್ಡಗಳಲ್ಲಿ ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಇಳಿಜಾರಿಗೆ ಬಿಟ್ಟು ಆಡಿದ ಹುಡುಗರಿಂದ ಮೌಂಟನ್ ಬೈಕ್ ಹುಟ್ಟಿತು.

ಗೇರು ಇಲ್ಲಿಗೆ ಏಕೆ ಬರಲಿಲ್ಲ? ಟ್ಯಾಂಕ್ ಬಂಡಿನ ಎದುರುಗಾಳಿಯಲ್ಲಿ ಹಾಲಿನ ಕ್ಯಾನು ಹೊತ್ತು ತುಳಿದವರಿಗೆ ಗೇರು ಬೇಡವಾಗಿತ್ತು ಎಂದು ಯಾರೂ ಹೇಳಲಾರರು. ಒಂದು ಕಾರಣ ಪಂಕ್ಚರ್ ಅಂಗಡಿಯೇ. ಆ ಹಬ್ಬಿನೊಳಗಿನ ಪುಟ್ಟ ಹಲ್ಲುಚಕ್ರ, ಸ್ಪ್ರಿಂಗುಗಳು ಸುತ್ತಿಗೆಗೂ ಸ್ಪ್ಯಾನರಿಗೂ ಬಗ್ಗುವವಲ್ಲ. ಇನ್ನೊಂದು ಕಾರಣ ಮಾರುಕಟ್ಟೆ. ಸ್ವಾತಂತ್ರ್ಯದ ನಂತರ ವಿದೇಶಿ ಸೈಕಲ್ ಆಮದು ಕಟ್ಟುನಿಟ್ಟಾಯಿತು. 1949ರಲ್ಲಿ ಮದರಾಸಿನ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್, ಸುಮಾರು ಅದೇ ಹೊತ್ತಿಗೆ ಆಸನ್‌ಸೋಲ್ ಬಳಿ ಸೇನ್-ರ‍್ಯಾಲಿ, 1951ರಲ್ಲಿ ಸೋನಿಪತ್ತಿನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಮುಂಜಾಲ್ ಸಹೋದರರ ಹೀರೊ ಶುರುವಾದವು. ಇವರು ಇಂಗ್ಲಿಷ್ ರೋಡ್‌ಸ್ಟರನ್ನು ನಕಲು ಮಾಡಿದರು ಎಂದು ಮೂಗು ಮುರಿಯುವವರಿದ್ದಾರೆ. ಆ ನಕಲು ಕೆಲಸ ಸಣ್ಣದಲ್ಲ. ಯಾವ ಊರಿನಲ್ಲಿ ಕೊಂಡ ಬೇರಿಂಗಿನ ಕೋನೂ ಯಾವ ಕಂಪನಿಯ ಆಕ್ಸಲ್ಲಿಗೂ ಕೂರಬೇಕು, ಅದೂ ಕೂಲಿಯವನ ಕೈಗೆಟುಕುವ ಬೆಲೆಗೆ. 1986ರಲ್ಲಿ ಹೀರೊ ಜಗತ್ತಿನ ಅತಿ ದೊಡ್ಡ ಸೈಕಲ್ ತಯಾರಕ ಎಂದು ಗಿನ್ನೆಸ್ ದಾಖಲೆಗೆ ಸೇರಿತು. ಆದರೆ ಅದೇ ಕಾರ್ಖಾನೆಗಳು ನಾಲ್ಕು ದಶಕ ಮಳೆಗಾಲದ ಬ್ರೇಕನ್ನು ಸರಿಮಾಡುವ ಗೋಜಿಗೆ ಹೋಗಲಿಲ್ಲ. ಕೊಳ್ಳುವವನಿಗೆ ಬೇರೆ ಗತಿಯಿಲ್ಲ ಎಂದು ತಿಳಿದ ಉದ್ಯಮ ಹೀಗೆಯೇ ನಡೆದುಕೊಳ್ಳುತ್ತದೆ. 2020ರ ಜೂನ್ 3ರಂದು, ವಿಶ್ವಸಂಸ್ಥೆಯ ಸೈಕಲ್ ದಿನದಂದೇ, ಅಟ್ಲಾಸ್ ತನ್ನ ಸಾಹಿಬಾಬಾದ್ ಕಾರ್ಖಾನೆಯ ಬಾಗಿಲಿಗೆ ಕೆಲಸ ನಿಲ್ಲಿಸಿದ ನೋಟಿಸು ಅಂಟಿಸಿತು.

ಇಷ್ಟೆಲ್ಲ ಆದರೂ ಸೈಕಲ್ ಬೀಳದೆ ಏಕೆ ನಿಲ್ಲುತ್ತದೆ ಎಂಬುದರ ಪೂರ್ತಿ ಉತ್ತರ ವಿಜ್ಞಾನಿಗಳ ಬಳಿಯೂ ಇಲ್ಲ. ತಿರುಗುವ ಚಕ್ರ ಬುಗುರಿಯಂತೆ ನಿಲ್ಲಿಸುತ್ತದೆ ಎಂದರು. ಮುಂದಿನ ಫೋರ್ಕಿನ ಬಾಗು ಕಾರಣ ಎಂದರು. 2011ರಲ್ಲಿ ಕಾರ್ನೆಲ್ ಮತ್ತು ಡೆಲ್ಫ್ಟ್ ವಿಶ್ವವಿದ್ಯಾಲಯಗಳ ಸಂಶೋಧಕರು ಈ ಎರಡು ಗುಣವನ್ನೂ ತೆಗೆದುಹಾಕಿದ ಸೈಕಲ್ ಕಟ್ಟಿ, ಅದೂ ತಾನಾಗಿ ನೆಟ್ಟಗೆ ಓಡುವುದನ್ನು ತೋರಿಸಿದರು. ಹಳ್ಳಿಹಳ್ಳಿಯಲ್ಲಿ ಹಗಲೂ ರಾತ್ರಿ ಸೈಕಲ್ ಇಳಿಯದೆ ಸುತ್ತು ಹಾಕುವ ಸೈಕಲ್ ಸರ್ಕಸ್ಸಿನವರು, ಅದರ ಮೇಲೇ ಉಂಡು, ಸ್ನಾನ ಮಾಡಿ, ಅಂಗಿ ಬದಲಿಸಿ, ಈ ಪ್ರಶ್ನೆಯನ್ನು ಕೇಳದೆಯೇ ಬಗೆಹರಿಸಿಕೊಂಡಿದ್ದರು.

2011ರ ಜನಗಣತಿಯ ಪ್ರಕಾರ ದೇಶದ ನೂರು ಮನೆಗಳಲ್ಲಿ 45ರಷ್ಟರಲ್ಲಿ ಸೈಕಲ್ ಇತ್ತು. ಕರ್ನಾಟಕ ಸರಕಾರ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿತು. ದೂರದ ಹೈಸ್ಕೂಲಿಗೆ ಹೋಗುವ ಹೆಣ್ಣುಮಕ್ಕಳ ಸಾಲು ಊರಿನ ನೋಟವನ್ನೇ ಬದಲಿಸಿತು. ಮೈಸೂರಿನಲ್ಲಿ 2017ರ ಜೂನಿನಲ್ಲಿ ಟ್ರಿಣ್ ಟ್ರಿಣ್ ಹೆಸರಿನಲ್ಲಿ 450 ಸೈಕಲ್ಲುಗಳ ಸಾರ್ವಜನಿಕ ಬಾಡಿಗೆ ವ್ಯವಸ್ಥೆ ಬಂತು. ಹಳೆಯ ಸೈಕಲ್ ಟ್ಯಾಕ್ಸಿಯೇ ಕಾರ್ಡು ಹಿಡಿದು ಮರಳಿತು ಎನ್ನಬಹುದು. ಹೈದರಾಬಾದಿನಲ್ಲಿ 2023ರ ಅಕ್ಟೋಬರಿನಲ್ಲಿ ಹೊರವರ್ತುಲ ರಸ್ತೆಯ ಬದಿಗೆ 23 ಕಿ.ಮೀ. ಉದ್ದದ, ಸೌರಫಲಕದ ಚಾವಣಿಯ ಸೈಕಲ್ ಪಥ ತೆರೆಯಿತು. ಬಿಸಿಲಿಗೆ ನೆರಳು, ನೆರಳಿನ ಮೇಲೆ ವಿದ್ಯುತ್ತು. ಎಂಜಿನಿಯರಿಂಗ್ ದೃಷ್ಟಿಯಿಂದ ಸೊಗಸಾದ ಕೆಲಸ. ಆದರೆ ಅದು ಇರುವುದು ನಾನಕ್‌ರಾಮ್‌ಗುಡ, ನಾರ್ಸಿಂಗಿ, ಕೊಲ್ಲೂರಿನ ಕಡೆ. ಮೊಂಡಾ ಮಾರ್ಕೆಟ್ಟಿಗೆ ತರಕಾರಿ ತರುವವನು, ರಾಣಿಗಂಜಿನಲ್ಲಿ ಕಬ್ಬಿಣದ ಸರಳು ಸಾಗಿಸುವವನು, ಥರ್ಮಾಸಿನಲ್ಲಿ ಚಹ ಮಾರುವವನು, ಸೈಕಲ್ಲಿಗೇ ಸಾಣೆಕಲ್ಲು ಕಟ್ಟಿಕೊಂಡು ಕೇರಿ ಸುತ್ತುವವನು ಅಲ್ಲಿಗೆ ಹೋಗುವುದಿಲ್ಲ. ದುಡಿಯುವ ಸೈಕಲ್ಲಿಗೆ ದಾರಿ ಮಾಡದೆ ವ್ಯಾಯಾಮದ ಸೈಕಲ್ಲಿಗೆ ದಾರಿ ಮಾಡಿದ್ದು ಅರ್ಧ ಕೆಲಸ.

ಉಳಿದರ್ಧ ಈ ನಗರದಲ್ಲೇ ಆಗಬಹುದು. ಇಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ. ಕರಿ ಸೈಕಲ್ಲಿನ ತೂಕದಲ್ಲಿ ಐದು ಕಿಲೊ ಇಳಿಸಿ, ಮಳೆಯಲ್ಲೂ ಹಿಡಿಯುವ ಬ್ರೇಕು ಕೂರಿಸಿ, ಎರಡೇ ಎರಡು ಗೇರು ಕೊಟ್ಟು, ಎಲ್ಲವನ್ನೂ ಬೀದಿಯ ಸ್ಪ್ಯಾನರಿನಿಂದಲೇ ಬಿಚ್ಚಿ ಕಟ್ಟುವಂತೆ ಮಾಡುವುದು ಒಬ್ಬ ವಿದ್ಯಾರ್ಥಿಯ ಕಡೆಯ ವರ್ಷದ ಪ್ರಾಜೆಕ್ಟಿಗೆ ತಕ್ಕ ವಿಷಯ. ಆ ಪ್ರಾಜೆಕ್ಟಿನ ಪರೀಕ್ಷಕರಲ್ಲಿ ಒಬ್ಬ ಪಂಕ್ಚರ್ ಅಂಗಡಿಯ ಉಸ್ತಾದ್ ಇರಲಿ. ದತ್ತಿಯನ್ನು ನಡೆಸುವವರಲ್ಲೂ ಒಂದು ವಿನಂತಿ: ಮುಂದಿನ ವರ್ಷದ ಉಪನ್ಯಾಸಕ್ಕೆ ಇಂಥ ಉಸ್ತಾದರೊಬ್ಬರನ್ನೇ ಕರೆಯಿರಿ. ಮೈಕಿನ ಜೊತೆ ಬೋರಲು ನಿಲ್ಲಿಸಿದ ಒಂದು ಸೈಕಲ್ಲನ್ನೂ ವೇದಿಕೆಯ ಮೇಲೆ ಇಡಿ. ಗೌರವಧನವನ್ನು ಅಂದೇ ಕೈಗೆ ಕೊಡಿ, ಏಕೆಂದರೆ ಅಂಗಡಿ ಮುಚ್ಚಿ ಬಂದ ದಿನ ಅವರಿಗೆ ಸಂಪಾದನೆ ಇರುವುದಿಲ್ಲ.